ಹಗೇವಿನ ಬಾಯಿ

ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಅವನ ತಾಯಿಗೆ ತೀರದ ನೀರಡಿಕೆ. "ಮಗನೇ, ನನಗೊಂದು ಬಾವಿ ತೋಡಿಕೊಡು" ಅಂದಳು. "ನಾಳೆಯೇ ತೋಡುತ್ತೇನೆ" ಅಂದ ರಾಜ. ಮರುದಿನ ಬೆಳಿಗ್ಗೆ ಅರಮನೆಯ ಬಾಗಿಲಿಗೆ ಒಂದು ಕುದುರೆ ಬಂದು ನಿಂತಿತು. ಕುದುರೆ ಕಂಡದ್ದೇ ತಡ, ರಾಜ ಬಾವಿಯನ್ನೂ ಮರೆತ, ತಾಯಿಯನ್ನೂ ಮರೆತ.

ಈ ಕಥೆಯನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಯಲ್ಲವ್ವ, ನಾನು ಚಿಕ್ಕವಳಿದ್ದಾಗ ನೂರು ಸಲ ಹೇಳಿದ್ದಾಳೆ. ಒಂದೊಂದು ಸಲ ಕುದುರೆಗೆ ಒಂದೊಂದು ಬಣ್ಣ. ಕುದುರೆ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿಬಿಡುತ್ತಿತ್ತು. ಆದ್ದರಿಂದ ಬಾವಿ ಏನಾಯಿತು ಎಂಬುದು ನನಗೆ ಇಪ್ಪತ್ತೆರಡು ವರ್ಷ ಗೊತ್ತಾಗಲೇ ಇಲ್ಲ.

ನಮ್ಮ ಮನೆಯ ರಾಜನ ಹೆಸರು ಶ್ರೀಶೈಲ. ವಯಸ್ಸು ನಲವತ್ತೇಳು. ರಾಜ್ಯವೆಂದರೆ ಸುರೇಬಾನದ ಬಸ್‌ ನಿಲ್ದಾಣದ ಹಿಂದಿನ ಒಂದು ಹಿಟ್ಟಿನ ಗಿರಣಿ. ಅವನ ತಾಯಿ ಕೇಳಿದ್ದು ಬಾವಿಯನ್ನಲ್ಲ, ಸಂಡಾಸದ ಗುಂಡಿಯನ್ನು.

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಸಂಡಾಸ ತುಂಬಿತು. ಒಂದು ಬಕೆಟ್‌ ನೀರು ಹಾಕಿದರೆ ಇಳಿಯುವ ಬದಲು ಬುಳುಬುಳು ಎಂದು ಮೇಲಕ್ಕೇ ಬರತೊಡಗಿತು. ಫಿನೈಲು ಸುರಿದದ್ದಾಯಿತು, ಸುಣ್ಣ ಸುರಿದದ್ದಾಯಿತು. ಆ ನಾತ ಹಿತ್ತಲು ದಾಟಿ ಅಡುಗೆಮನೆಗೆ ಬಂದು ಬಿಸಿ ರೊಟ್ಟಿಯ ಮೇಲೆ ಕೂತಿತು. ನಾವೆಲ್ಲ ಗೋಡೆಯಾಚೆಯ ಮದರಬಿ ಚಾಚಿಯ ಮನೆಗೆ ಹೋಗತೊಡಗಿದೆವು. ನನಗೂ ಅವ್ವನಿಗೂ ಅದೇನು ದೊಡ್ಡ ಮಾತಾಗಿರಲಿಲ್ಲ. ಆದರೆ ಆಯಿ ಎಪ್ಪತ್ತು ವರ್ಷದಲ್ಲಿ ನೆರೆಮನೆಯಿಂದ ಚಿಟಿಕೆ ಉಪ್ಪು ಕೇಳಿದವಳಲ್ಲ. ತಂಬಿಗೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು, ದಿನಕ್ಕೆರಡು ಸಲ ಆ ಓಣಿಯಲ್ಲಿ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು.

"ಅವ್ವಾ, ನಾಗರ ಪಂಚಮಿಯೊಳಗ ಹೊಸಾ ಗುಂಡಿ ತೋಡತೇನಿ," ಅಂದ ಅಪ್ಪ. "ಆಳೂ ಬ್ಯಾಡ ಕಾಳೂ ಬ್ಯಾಡ, ನಾನ ತೋಡತೇನಿ. ನಿನ್ನ ಆಣಿ."

"ಆಣಿ ಬ್ಯಾಡೊ, ಗುದ್ದಲಿ ಹಿಡಿ," ಅಂದಳು ಆಯಿ. "ಮತ್ತ ಹಗೇವು ಬಿಟ್ಟು ಹತ್ತು ಹೆಜ್ಜಿ ಆಚೆ ತೋಡು."

ಹಗೇವು ಅಂದರೆ ನಮ್ಮ ಹಿತ್ತಲಿನಲ್ಲಿ, ಕುಳ್ಳಿನ ಬಣವೆಯ ಹಿಂದೆ, ನೆಲದೊಳಗಿದ್ದ ಜೋಳದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ನಲವತ್ತು ಚೀಲ ಹಿಡಿಯುವ ಹೊಟ್ಟೆ. ಮೂವತ್ತು ವರ್ಷದಿಂದ ಅದರಲ್ಲಿ ಕಾಳು ಬಿದ್ದಿಲ್ಲ. ಆದರೂ ಆಯಿ ಪ್ರತಿ ಶುಕ್ರವಾರ ಅದರ ಮುಚ್ಚಳದ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಬರುತ್ತಿದ್ದಳು.

ಅಪ್ಪ ಮೊದಲ ದಿನವೇ ಸೊಂಟದುದ್ದ ತೋಡಿದ. ಪಕ್ಕದಲ್ಲಿ ಕರಿ ಮಣ್ಣಿನ ದೊಡ್ಡ ಗುಡ್ಡೆ ಬಿತ್ತು. ಎರಡನೆಯ ದಿನ ಬಾಗಿಲಿಗೆ ಕುದುರೆ ಬಂತು.

ತಂದವನು ಮದರಬಿ ಚಾಚಿಯ ಗಂಡ ಇಮಾಮಹುಸೇನ. ಅಪ್ಪನ ಓರಗೆಯವನು, ಗ್ಯಾರೇಜಿನವನು. ಕಿತ್ತೂರಿನ ಹೆದ್ದಾರಿ ಬದಿಯಲ್ಲಿ ಎಲ್ಲೋ ಬಿದ್ದಿದ್ದ ಗಾಡಿಯನ್ನು ತನ್ನ ಮೂರು ಗಾಲಿಯ ಟಂಟಂನಲ್ಲಿ ಹೇರಿಕೊಂಡು ಬಂದಿದ್ದ. ಮಿಡತೆಯ ಹಾಗೆ ಎತ್ತರದ, ಸೊರಗಿದ ಗಾಡಿ. ದೀಪವಿಲ್ಲ, ನಂಬರಿಲ್ಲ, ಟೈರಿನ ತುಂಬ ಹಲ್ಲು. ಇಪ್ಪತ್ತೈದು ವರ್ಷದ ಹಿಂದೆ ಇವರಿಬ್ಬರೂ ಬೈಲಹೊಂಗಲದ ಹೊಲಗಳಲ್ಲಿ ಇಂಥದೇ ಗಾಡಿ ಹಾರಿಸುತ್ತಿದ್ದರಂತೆ. ಕೊನೆಯ ಸಲ ಅಪ್ಪ ಬಿದ್ದು ಹೆಗಲಿನ ಎಲುಬು ಮುರಿದುಕೊಂಡು ಬಂದಾಗ ನಾನು ಹುಟ್ಟಿ ನಾಲ್ಕು ದಿನವಾಗಿತ್ತು. ಅಲ್ಲಿಗೆ ಬಿಟ್ಟಿದ್ದ. ಈಗ ಬೈಲಹೊಂಗಲದ ಹತ್ತಿರ ನಲವತ್ತು ದಾಟಿದವರಿಗಾಗಿಯೇ ಒಂದು ಪೈಪೋಟಿ ಇಟ್ಟಿದ್ದಾರೆ, ಪಂಚಮಿಯ ಮುಂಚಿನ ಭಾನುವಾರ.

"ಇದೇನ್ರಿ ಇದು?" ಅಂದಳು ನಮ್ಮವ್ವ ಅನ್ನಪೂರ್ಣಾ.

"ಡರ್ಟ್‌ ಬೈಕ್."

"ಡರ್ಟ್‌ ಅಂದ್ರ ಹೊಲಸಲ್ಲೇನ್ರಿ? ಮನ್ಯಾಗ ಇದ್ದದ್ದು ಕಡಿಮಿ ಬಿದ್ದಿತ್ತೇನು, ಹೇರಕೊಂಡ ಬಂದೀರಿ?"

ಇಮಾಮಹುಸೇನ ನಕ್ಕ. "ವೈನೀ, ನಿಮ್ಮ ಗಂಡಗ ಹರೇ ಬಂದೈತಿ, ತಡೀಬ್ಯಾಡ್ರಿ."

"ಹರೇ ಬಂದ್ರ ಗುದ್ದಲಿ ಹಿಡೀಲಿ. ಹೊಟ್ಟಿ ನೋಡ್ರಿ, ಎಂಟು ತಿಂಗಳಾದಂಗೈತಿ."

ಅಂದು ಸಂಜೆಯೇ ಅಪ್ಪ ಗುಂಡಿಯ ಮಣ್ಣಿಗೆ ನೀರು ಹೊಡೆದು, ಗುದ್ದಲಿಯ ಬೆನ್ನಿನಿಂದ ಬಡಿದು ಬಡಿದು, ಗಾಡಿ ಹತ್ತಿ ಹಾರುವುದಕ್ಕೆ ಒಂದು ದಿಬ್ಬ ಮಾಡಿಕೊಂಡ. ಗುಂಡಿ ತೋಡುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದ. ಆಮೇಲೆ ದಿನಾ ಗಿರಣಿ ಮುಚ್ಚಿ ಬಂದವನೇ ಇಪ್ಪತ್ತೈದು ವರ್ಷದ ಹಿಂದಿನ ಅಂಗಿ ತೊಟ್ಟುಕೊಳ್ಳುತ್ತಿದ್ದ. ಅದು ಹೊಕ್ಕುಳಿನ ಮೇಲೆಯೇ ನಿಲ್ಲುತ್ತಿತ್ತು. ಜಾಲಿಗಿಡದ ಕಡೆಯಿಂದ ಬರ್‍ರೆಂದು ಬಂದು, ದಿಬ್ಬ ಹತ್ತಿ, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಸಂಡಾಸದ ಗೋಡೆಯ ಬದಿಗೆ ದೊಪ್ಪನೆ ಬೀಳುತ್ತಿದ್ದ. ಅಂಗಿಯ ಕೆಳಗಿನ ಬಿಳಿ ಹೊಟ್ಟೆ, ಅದರ ಕೂದಲು, ಕೂದಲಿಗೆ ಅಂಟಿದ ಕೆಸರು, ಎಲ್ಲ ಒಟ್ಟಿಗೆ ಕುಲುಕುತ್ತಿದ್ದವು. ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅತ್ತ ಅರ್ಧ ತೋಡಿದ ಗುಂಡಿಯಲ್ಲಿ ಮಳೆನೀರು ನಿಂತು ಕಪ್ಪೆ ಕೂಗುತ್ತಿದ್ದವು.

ಗಾಡಿ ಹಿತ್ತಲಿನಲ್ಲೇ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಅದು ಒಂದೊಂದೇ ಭಾಗವಾಗಿ ಮನೆಯೊಳಗೆ ಬಂತು. ಬೇಳೆ ಬೇಯಿಸುವ ಡಬರಿಯಲ್ಲಿ ಕಾರ್ಬುರೇಟರು ಪೆಟ್ರೋಲು ಕುಡಿಯುತ್ತ ಕೂತಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚೈನು ಕರಿ ಹಾವಿನಂತೆ ಸುರುಳಿ ಸುತ್ತಿತು. ಮರುದಿನ ನನ್ನ ಬಿಳಿ ಓಢಣಿಗೆ ಅದರ ಅಚ್ಚು. ಮೊಣಕಾಲಿಗೆ ಕಟ್ಟಿಕೊಳ್ಳುವ ಒದ್ದೆ ಪಟ್ಟಿಗಳು ರೊಟ್ಟಿ ಬುಟ್ಟಿಯ ಮೇಲೆ ಒಣಗಿದವು. ಬೂಟಿನೊಳಗಿಂದ ಸತ್ತ ಇಲಿಯ ವಾಸನೆ ಬರುತ್ತಿತ್ತು. ಒಂದು ದಿನ ಅವ್ವ ರೊಟ್ಟಿ ಮಗುಚುವ ಸಟ್ಟುಗ ಹುಡುಕಿ ಹುಡುಕಿ ಹಿತ್ತಲಿಗೆ ಬಂದರೆ, ಅಪ್ಪ ಅದರಿಂದ ಗಾಡಿಯ ಮಡಗಾರ್ಡಿನೊಳಗಿನ ಎರೆಮಣ್ಣು ಕೆರೆದು ತೆಗೆಯುತ್ತಿದ್ದ.

"ರೀ! ಅದು ರೊಟ್ಟಿದು!"

"ತೊಳದ ಕೊಡತೇನಿ ತಗೋ."

"ತೊಳದ್ರ ನನ್ನ ಕಣ್ಣಾಗಿಂದು ಹೋಗತೈತೇನ್ರಿ?"

ಊಟಕ್ಕೆ ಕೂತರೆ ಉಗುರಿನ ಸಂದಿಯಲ್ಲಿ ಕರಿ ಗ್ರೀಸು. ಆ ಬೆರಳಿನಿಂದ ಶೇಂಗಾ ಹಿಂಡಿ ಕಲಸಿಕೊಂಡು, ಮೊಸರು ಹಾಕಿಕೊಂಡು, ಅಪ್ಪ ಚಪ್ಪರಿಸಿ ಉಣ್ಣುತ್ತಿದ್ದ. ಮೊಸರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನಾನು ತಾಟು ಎತ್ತಿಕೊಂಡು ಪಡಸಾಲೆಗೆ ಹೋಗುತ್ತಿದ್ದೆ.

ಹಾಗೆ ಪಡಸಾಲೆಯಲ್ಲಿ ಆಯಿಯ ಪಕ್ಕ ಕೂತು ಉಣ್ಣತೊಡಗಿದ ಮೇಲೆಯೇ ನನಗೆ ಅದು ಕಂಡದ್ದು. ಎರಡು ರೊಟ್ಟಿ ಉಣ್ಣುತ್ತಿದ್ದವಳು ಕಾಲು ರೊಟ್ಟಿಗೆ ಬಂದಿದ್ದಳು. ಚಹ ಕಪ್ಪಿನಲ್ಲಿ ಬೇಡ, ಬಸಿಯಲ್ಲಿ, ಕಪ್ಪಿನಡಿಯ ತಟ್ಟೆಯಲ್ಲಿ, ನಾಲ್ಕು ಹನಿ ಸಾಕು ಅನ್ನುತ್ತಿದ್ದಳು. ನೀರಿನ ತಂಬಿಗೆ ಬೆಳಿಗ್ಗೆ ಇಟ್ಟಲ್ಲಿಯೇ ಸಂಜೆಯೂ ತುಂಬಿರುತ್ತಿತ್ತು.

"ಆಯಿ, ಯಾಕ ಉಣವೊಲ್ಲಿ?"

"ಹಸಿವಿಲ್ಲವಾ ಮೀನಾ."

"ಸುಳ್ಳ ಹೇಳಬ್ಯಾಡ."

ಆಯಿ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಉಂಡ್ರ ಹೋಗಬೇಕಲ್ಲ."

ನಾನು ಅದನ್ನು ಎಲ್ಲರೂ ಊಟಕ್ಕೆ ಕೂತಾಗ ಜೋರಾಗಿ ಹೇಳಿಬಿಟ್ಟೆ. ಅಪ್ಪ ತಲೆಯೆತ್ತದೆ, "ಮದರಬಿ ಏನ ಬರಬ್ಯಾಡ ಅಂತಾಳೇನು?" ಅಂದ.

"ಆಕಿ ಅನ್ನೂದಿಲ್ಲ," ಅಂದಳು ಆಯಿ. "ಅಂದಿದ್ರ ನನಗ ಇಷ್ಟ ನಾಚಿಕಿ ಆಗತಿರಲಿಲ್ಲ."

ಅವ್ವ ಎದ್ದು ಹೋಗಿ ಅಪ್ಪನ ಹೆಲ್ಮೆಟ್ಟನ್ನು ತಂದಳು. ಅದರ ಒಳಗಿನ ಬೆವರಿನ ನಾತಕ್ಕೆ ಮೂಗು ಮುಚ್ಚಿಕೊಂಡು, ಪ್ಲಾಸ್ಟಿಕ್‌ ಚೀಲದಲ್ಲಿ ಗಂಟು ಕಟ್ಟಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. "ಗುಂಡಿ ಮೊದಲ. ಬೈಲಹೊಂಗಲ ಆಮ್ಯಾಲ. ಇದು ನನ್ನ ಮಾತು."

ಮುಂದಿನ ಮಂಗಳವಾರ ನಾನೂ ಅವ್ವನೂ ಆಯಿಯನ್ನು ಕಣ್ಣು ತೋರಿಸಲು ರಾಮದುರ್ಗಕ್ಕೆ ಕರೆದುಕೊಂಡು ಹೋಗಿದ್ದೆವು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಆತು ನೋಡ್ರಿ ನಿಮ್ಮ ಗುಂಡಿ!"

ನಿಜ. ಹಿತ್ತಲಿನ ಗುಂಡಿಯ ಮೇಲೆ ಕಡಪಾ ಕಲ್ಲು ಮುಚ್ಚಿತ್ತು, ಸಿಮೆಂಟು ಇನ್ನೂ ಹಸಿ ಇತ್ತು. ಅವ್ವ ಸಂಡಾಸಕ್ಕೆ ಒಂದು ಬಕೆಟ್‌ ನೀರು ಸುರಿದಳು. ಗಟಕ್ಕನೆ ಇಳಿದುಹೋಯಿತು.

"ಒಂದ ದಿನದಾಗ?" ಅವ್ವನಿಗೆ ನಂಬಿಕೆಯಿಲ್ಲ. "ಸಿಮೆಂಟ್‌ ರಿಂಗ್ ಇಳಸಲಿಲ್ಲೇನ್ರಿ?"

"ಒಳಗ ಗಟ್ಟಿ ಐತಿ, ರಿಂಗ್ ಬೇಕಾಗಿಲ್ಲ. ಹೆಲ್ಮೆಟ್‌ ಕೊಡು."

ಅವ್ವ ಟ್ರಂಕಿನ ಬೀಗ ತೆಗೆದು ಕೊಟ್ಟಳು. ಗುಂಡಿ ಮುಗಿದಿದ್ದರೂ ಪಕ್ಕದ ದಿಬ್ಬ ಮೊದಲಿನಷ್ಟೇ ಇತ್ತು, ಒಂದು ಬುಟ್ಟಿಯೂ ಬೆಳೆದಿರಲಿಲ್ಲ. ನಾನು ಅದನ್ನು ನೋಡಿದೆ. ಆದರೆ ಆಯಿ ನಗುತ್ತಿದ್ದಳು, ತಿಂಗಳ ಮೇಲೆ ಮೊದಲ ಸಲ. ನಾನು ಅವಳ ತಂಬಿಗೆ ತುಂಬಿಸಿ ಕೊಟ್ಟೆ.

ಅಂದು ಆಯಿ ಎರಡು ರೊಟ್ಟಿ, ಜುಣಕ, ಮೇಲೆ ಹಸಿ ಉಳ್ಳಾಗಡ್ಡಿ ಉಂಡಳು. ಕಪ್ಪು ತುಂಬ ಚಹ ಕುಡಿದಳು. "ಹೊಟ್ಟಿ ತಣ್ಣಗಾತೋ ಶ್ರೀಶೈಲಾ," ಅಂದಳು. ಅಪ್ಪ ನೆಲ ನೋಡುತ್ತ ಹ್ಞೂಂ ಅಂದ. ಬುಧವಾರ ಉಂಡಳು, ಗುರುವಾರ ಉಂಡಳು. ಉಂಡದ್ದರಿಂದಲೇ ಶುಕ್ರವಾರ ಅವಳ ಕಾಲಿಗೆ ಬಲ ಬಂತು. "ಎಷ್ಟ ವಾರ ಆತು, ಹಗೇವಿಗೆ ಕುಂಕುಮ ಇಲ್ಲ," ಎನ್ನುತ್ತ ನನ್ನ ಭುಜ ಹಿಡಿಯದೆ ತಾನೇ ನಡೆದಳು. ನಾನು ಕುಂಕುಮದ ಬಟ್ಟಲು ಹಿಡಿದು ಹಿಂದೆ ಹೋದೆ.

ಹಗೇವಿನ ಕಲ್ಲಿನ ಸುತ್ತ ಹೊಸ ಸಿಮೆಂಟು. ಬದಿಯ ನೆಲದಲ್ಲಿ ಹೊಸದಾಗಿ ತೋಡಿ ಮುಚ್ಚಿದ ಉದ್ದನೆಯ ಗೀಟು, ಅರ್ಧ ಗುಂಡಿಯ ಪಕ್ಕದಿಂದ ಹಾದು ನೇರ ಸಂಡಾಸದ ಗೋಡೆಗೆ. ಆಯಿ ಬಗ್ಗಿದಳು. ಅದೇ ಹೊತ್ತಿಗೆ ಒಳಗೆ ಅವ್ವ ಒಂದು ಬಕೆಟ್‌ ನೀರು ಸುರಿದಳು. ನಮ್ಮ ಕಾಲ ಕೆಳಗೆ, ಕಲ್ಲಿನಡಿಯಲ್ಲಿ, ಗುಳುಗುಳು ಎಂದು ಏನೋ ಇಳಿದು ಆಳದಲ್ಲಿ ಚಳಕ್ಕನೆ ಬಿತ್ತು. ಕಲ್ಲಿನ ಸಂದಿಯಿಂದ ಆ ನಾತ ಮೇಲಕ್ಕೆ ಬಂತು.

ಅಪ್ಪ ಹತ್ತಿರವೇ ಗಾಡಿ ಒರೆಸುತ್ತಿದ್ದ.

"ಶ್ರೀಶೈಲಾ," ಅಂದಳು ಆಯಿ. "ಇದರಾಗ ಏನ ಬಿಟ್ಟಿ?"

ಅಪ್ಪ ಬಟ್ಟೆ ಕೆಳಗಿಟ್ಟ. "ಮೂವತ್ತು ವರ್ಷ ಖಾಲಿ ಬಿದ್ದಿತ್ತಲ್ಲವ್ವಾ. ಇಷ್ಟ ದೊಡ್ಡ ತಗ್ಗು ಇರುವಾಗ ಇನ್ನೊಂದ್ಯಾಕ ತೋಡೂದು? ನಿನ್ನ ಮರಿಮಕ್ಕಳ ಕಾಲಕ್ಕೂ ತುಂಬೂದಿಲ್ಲ."

"ನಾ ಇಳೀತಿದ್ನೋ ಇದರಾಗ," ಅಂದಳು ಆಯಿ. ದನಿ ಏರಲಿಲ್ಲ. "ನಿಮ್ಮಪ್ಪ ಮೊದಲ ಕಂದೀಲ ಇಳಸ್ತಿದ್ದ. ದೀಪ ಆರಲಿಲ್ಲಂದ್ರ ನನ್ನ ನಡಕ್ಕ ಹಗ್ಗಾ ಕಟ್ಟಿ ಇಳಸ್ತಿದ್ದ. ಒಳಗಿನ ಜ್ವಾಳ ಬೆಚ್ಚಗ ಇರತಿತ್ತು, ಕೂಸಿನ ಮೈ ಇದ್ದಂಗ. ನಿನ್ನ ಹಡದಾಗ ಬಾಣಂತನದ ಅಂಬಲಿ ಇದರಾಗಿಂದು."

"ಅದು ಆಗಿನ ಮಾತವ್ವಾ. ಈಗ ಯಾರ ಇಡತಾರ ಹಗೇವಿನ್ಯಾಗ?"

ಆಯಿ ಕುಳ್ಳಿನ ಬಣವೆ ಹಿಡಿದು ಬಗ್ಗಿ, ಬೆಳಿಗ್ಗೆ ಉಂಡದ್ದನ್ನೆಲ್ಲ ಕಾರಿಕೊಂಡಳು. ನಾನು ಅವಳ ಬೆನ್ನು ಉಜ್ಜಿದೆ. ಮೂರು ದಿನ ನಾನೂ ನಗುನಗುತ್ತ ಅಲ್ಲಿಗೇ ನೀರು ಸುರಿದಿದ್ದೆ.

ಮಧ್ಯಾಹ್ನ ಆಯಿ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಮದರಬಿ ಚಾಚಿಯ ಕಟ್ಟೆಯ ಮೇಲೆ, ತಾಟು ತೊಡೆಯ ಮೇಲಿಟ್ಟುಕೊಂಡು, ರೊಟ್ಟಿ ಮುರಿಯುತ್ತಿದ್ದಳು. ಹೊರಗೆ ಒಂದು ಗುಟುಕು ನೀರು ಕುಡಿಯದ ಯಲ್ಲವ್ವ! ಓಣಿಯ ಜನ ನಿಂತು ನೋಡಿ ಹೋಗುತ್ತಿದ್ದರು.

ಅವ್ವ ಓಡಿ ಬಂದಳು. "ಅತ್ತಿ, ಮನಿಗೆ ನಡೀರಿ. ನಾ ಬಿಸಿ ರೊಟ್ಟಿ ಬಡದೇನಿ."

"ನಿನ್ನ ಮ್ಯಾಲ ಸಿಟ್ಟಿಲ್ಲ ಅನ್ನಪೂರ್ಣಾ. ಆ ಮನ್ಯಾಗ ಅನ್ನದ ಬಾಯಿ ಹೇಲಿನ ಬಾಯಿ ಒಂದ ಆಗ್ಯಾವ. ಅಲ್ಲೆ ನಾ ಹೆಂಗ ಉಣ್ಣಲಿ?"

ಮದರಬಿ ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಹಾಕಿದಳು. "ಉಣ್ರಿ ಯವ್ವಾ. ಇದೂ ನಿಮ್ಮ ಮನೀನ."

ನಾನು ಆಯಿಯ ಪಕ್ಕ ಕೂತೆ. "ಆಯಿ, ಆ ರಾಜನ ಕಥಿ ಮುಂದ ಏನಾಗತೈತಿ?" ಅಂದೆ.

"ಕುದುರಿ ಬಂದ ಕೂಡ್ಲೆ ಮಲಗತಿದ್ದಿ ನೀ. ನಿಮ್ಮಪ್ಪನೂ ಹಂಗ ಮಲಗತಿದ್ದ," ಅಂದಳು. "ರಾಜ ಬಾವಿ ತೋಡಲಿ, ಆಮ್ಯಾಲ ಹೇಳತೇನಿ."

ಶನಿವಾರ ಗಿರಣಿಗೆ ಸುದ್ದಿ ಹೋಯಿತು. ಗಂಗಯ್ಯಜ್ಜ ಜೋಳದ ಡಬ್ಬಿ ಇಟ್ಟವನು, ಪಾಳಿ ಬಂದಾಗ ಡಬ್ಬಿ ಎತ್ತಿಕೊಂಡ.

"ಯಾಕ್ರಿ ಅಜ್ಜಾ?" ಅಂದ ಅಪ್ಪ.

"ಏನಿಲ್ಲಪಾ. ಕಾಳ ಇಡೂ ಜಾಗಾದಾಗ ಅದನ್ನ ಬಿಟ್ಟ ಕೈ. ಆ ಕೈಯಾಗ ನನ್ನ ಜ್ವಾಳ ಕೊಡಾಕ ಮನಸ ಒಲ್ಲದು."

ಅವನ ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಡಬ್ಬಿ ತಲೆಯ ಮೇಲಿಟ್ಟುಕೊಂಡರು. ಅಪ್ಪ ಖಾಲಿ ಗಿರಣಿ ಬಂದ್ ಮಾಡಿ ಮನೆಗೆ ಬಂದರೆ ನಮ್ಮ ಕಟ್ಟೆಯ ಮೇಲೆ ಇಮಾಮಹುಸೇನ ಕೂತಿದ್ದ.

"ಲೇ ಶ್ರೀಶೈಲ್ಯಾ, ನಾಳೆ ನನ್ನ ಟಂಟಂ ಬರೂದಿಲ್ಲ."

"ಯಾಕಲೇ?"

"ನಿಮ್ಮವ್ವ ನಮ್ಮ ಕಟ್ಟಿ ಮ್ಯಾಲ ಕುಂತು ಉಣ್ಣಾಕತ್ತಾಳ. ಆಕಿ ಮುಂದ ನಿನ್ನ ಗಾಡಿ ಹೆಂಗ ಹೇರಲೋ? ಗಾಡಿ ತಂದ ತಪ್ಪು ನಂದ. ಆದ್ರ ಪೈಪ್ ನೀ ಒಬ್ಬನ ಹಾಕಿದಿ. ನನ್ನ ಕರದಿದ್ರ ಕೈ ಹಿಡೀತಿದ್ದೆ, ಅದಕ್ಕ ಕರೀಲಿಲ್ಲ."

"ಬರಬ್ಯಾಡ ಹೋಗು! ನಾನ ಹೊಡಕೊಂಡ ಹೋಗತೇನಿ."

ಭಾನುವಾರ ನಸುಕಿನಲ್ಲಿ ಮಳೆ ಬಿದ್ದಿತ್ತು. ಅಪ್ಪ ಹೊಕ್ಕುಳ ಕಾಣುವ ಅಂಗಿ, ಬೂಟು, ಹೆಲ್ಮೆಟ್ಟು ತೊಟ್ಟು, ನಾಲ್ಕು ಸಲ ಕಿಕ್‌ ಹೊಡೆದು, ಯಾರ ಮುಖವನ್ನೂ ನೋಡದೆ ಹೊರಟ. ನಂಬರಿಲ್ಲದ ಗಾಡಿ, ಡಾಂಬರು ರಸ್ತೆಗೆ ಇಳಿಯುವಂತಿಲ್ಲ. ಹೊಲದ ದಾರಿ ಹಿಡಿದ. ಅವನ ಸದ್ದು ಸಾಲಹಳ್ಳಿಯ ಕಡೆಗೆ ಸಣ್ಣದಾಗುತ್ತ ಹೋಗಿ, ಗಕ್ಕನೆ ನಿಂತಿತು.

ಒಂದು ತಾಸಿನ ಮೇಲೆ ಅಪ್ಪ ಗಾಡಿ ನೂಕಿಕೊಂಡು ಓಣಿಯೊಳಗೆ ಬಂದ. ಎರೆಮಣ್ಣು ಎರಡೂ ಗಾಲಿಗೆ ಮೆತ್ತಿ ಮೆತ್ತಿ ತಿರುಗದ ಹಾಗೆ ಹಿಡಿದುಕೊಂಡಿತ್ತು. ಮೀಸೆಯಲ್ಲಿ ಕೆಸರು, ಕಿವಿಯಲ್ಲಿ ಕೆಸರು. ಉಗುಳಿದರೆ ಕೆಸರು. ನಲವತ್ತೇಳು ವರ್ಷದ ಮನುಷ್ಯ, ಕೆರೆಯಿಂದೆದ್ದ ಎಮ್ಮೆಯ ಹಾಗೆ. ಓಣಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಎಲ್ಲರೂ ಬರೀ ಮೂಗು ತಿರುವಿದರು.

ಹಿತ್ತಲಿಗೆ ಬಂದವನು ಕೈ ಚಾಚಿದ. "ಆ ಸಟ್ಟುಗ ತಾ."

ಅವ್ವ ಒಳಗೆ ಹೋಗಿ ಗುದ್ದಲಿ ತಂದು ಅವನ ಕೈಯಲ್ಲಿಟ್ಟಳು. "ಇದರಲೇ ಕೆರಕೋರಿ."

ಅಪ್ಪ ಗುದ್ದಲಿಯ ಹಿಡಿಕೆ ನೋಡಿದ. ಗೋಡೆಯಾಚೆಯ ಕಟ್ಟೆಯ ಮೇಲೆ ಆಯಿ ಮದರಬಿ ಚಾಚಿಯ ಕೈಯಿಂದ ಚಹದ ಬಸಿ ತೆಗೆದುಕೊಳ್ಳುತ್ತಿದ್ದಳು. ನಾಲ್ಕು ಹನಿ. ಅಪ್ಪ ಗಾಡಿಯನ್ನು ಗೋಡೆಗೆ ಒರಗಿಸಿದ. ಅಂಗಿ ಬಿಚ್ಚಿ ಒಗೆದು, ಅರ್ಧ ಗುಂಡಿಯ ಮೇಲಿನ ಕಡಪಾ ಕಲ್ಲನ್ನು ಎತ್ತಿ ಬದಿಗೆ ಹಾಕಿದ.

ಒಳಗಿನ ಕೊಳೆತ ಮಳೆನೀರನ್ನು ಬಕೆಟ್ಟಿನಿಂದ ಮೊಗೆದು ಚೆಲ್ಲಿದ. ಕಪ್ಪೆಗಳು ಹಾರಿ ಹೋದವು. ಸಂಜೆಗೆ ಎದೆಯುದ್ದ ಇಳಿದ. ಸೋಮವಾರ ಕರೆಯದೆಯೇ ಇಮಾಮಹುಸೇನ ಪಿಕಾಸಿ ಹಿಡಿದುಕೊಂಡು ಬಂದ. ಒಬ್ಬ ತೋಡಿದ, ಒಬ್ಬ ಮಣ್ಣು ಎಳೆದ. ಸಿಮೆಂಟ್‌ ರಿಂಗುಗಳು ಬಂದವು, ಒಂದರ ಮೇಲೊಂದು ಇಳಿದವು. ಪೈಪು ಹಗೇವಿನಿಂದ ಕಿತ್ತು ಹೊಸ ಗುಂಡಿಗೆ ತಿರುಗಿತು.

ಮಂಗಳವಾರ ರಾಮದುರ್ಗದಿಂದ ಹೊಲಸು ಎಳೆಯುವ ಟ್ಯಾಂಕರು ಬಂತು. ಹಗೇವಿನ ಕಲ್ಲು ಸರಿಸಿದ ಕೂಡಲೇ ಓಣಿಯ ಕಿಟಕಿಗಳು ಪಟಪಟನೆ ಮುಚ್ಚಿದವು. ಅದರೊಳಗೆ ಯಾರೂ ಇಳಿಯುವ ಹಾಗಿರಲಿಲ್ಲ. ಇಳಿದರೆ ಉಸಿರು ನಿಲ್ಲುತ್ತದೆ. ಮೇಲಿನಿಂದಲೇ ದಪ್ಪ ಪೈಪು ಬಿಟ್ಟು ಎಳೆದರು. ಪೈಪಿನ ಬಾಯಿ ಹಿಡಿದು ಆಚೀಚೆ ಆಡಿಸಿದವನು ಅಪ್ಪನೇ. ನೀರು ಬಿಟ್ಟು ಎಳೆದರು, ಮತ್ತೆ ಬಿಟ್ಟು ಮತ್ತೆ ಎಳೆದರು. ಎರಡು ಚೀಲ ಸುಣ್ಣ ಸುರಿದರು. ಅಂದು ಅಪ್ಪ ಏಳು ಸಲ ಸಾಬೂನು ಹಚ್ಚಿ ಕೈ ತೊಳೆದ. ಊಟಕ್ಕೆ ಕೂತವನು ಬೆರಳು ಮೂಸಿ ನೋಡಿ, ರೊಟ್ಟಿಯನ್ನು ಅಲ್ಲೇ ಬಿಟ್ಟ.

"ಚಮಚ ಕೊಡ," ಅಂದ.

"ಈಗ ಗೊತ್ತಾತೇನ್ರಿ?" ಅಂದಳು ಅವ್ವ. ಚಮಚ ಕೊಟ್ಟಳು. ಅಪ್ಪ ಎಮ್ಮೆಯ ಮುಖ ಮಾಡಿಕೊಂಡು ಮೂರು ದಿನ ಚಮಚದಲ್ಲೇ ಅನ್ನ ಸಾರು ಉಂಡ. ನನಗೆ ಕನಿಕರವೇನೂ ಬರಲಿಲ್ಲ. ಗ್ರೀಸಿನ ಬೆರಳಿನಿಂದ ಮೊಸರು ಕಲಸಿದ್ದು ನೆನಪಿತ್ತು.

ಉಳಿದದ್ದು ದಿಬ್ಬ. ಬಾಯಿ ತೆರೆದ ಹಗೇವನ್ನು ತುಂಬಿ ಮುಚ್ಚಬೇಕಾಗಿತ್ತು. ಹೊಸ ಗುಂಡಿಯ ಮಣ್ಣು ಹಾಕಿದರೂ ಸಾಲದೆ ಬಂತು. ತಾನೇ ನೀರು ಹೊಡೆದು ಬಡಿದ ದಿಬ್ಬ ಈಗ ಕಲ್ಲಾಗಿತ್ತು. ಪಿಕಾಸಿ ಹೊಡೆದರೆ ಠಣ್ಣೆನ್ನುತ್ತಿತ್ತು. ಒಂದೊಂದೇ ಹೆಂಟೆಯಾಗಿ ಕಿತ್ತು, ಬುಟ್ಟಿಯಲ್ಲಿ ಹೊತ್ತು ಹಗೇವಿಗೆ ಸುರಿದ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಹಳೆಯ ಹೆಗಲಿನ ಎಲುಬು ನೋಯತೊಡಗಿ ಬುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಗೋಡೆಗೆ ಒರಗಿದ ಗಾಡಿಯ ಸೀಟಿನ ಮೇಲೆ ಚಾಚಿಯ ಕೋಳಿ ಹತ್ತಿ ಕೂತು ಹಿಕ್ಕೆ ಹಾಕಿತು. ಅಪ್ಪ ನೋಡಿದ. ಓಡಿಸಲಿಲ್ಲ.

ಪಂಚಮಿಯ ಹಿಂದಿನ ದಿನ ಸಂಜೆ, ಒಳಗೆ ಅವ್ವ ಉಂಡಿಗೆ ಬೆಲ್ಲದ ಪಾಕ ಇಟ್ಟಿದ್ದಾಗ, ಕೊನೆಯ ಬುಟ್ಟಿ ಬಿತ್ತು. ದಿಬ್ಬವಿದ್ದಲ್ಲಿ ಬರೀ ನೆಲ. ಹಗೇವಿನ ಬಾಯಿಗೆ ಹಳೆಯ ಕಲ್ಲನ್ನು ಇಬ್ಬರೂ ಸೇರಿ ಉರುಳಿಸಿ ಕೂಡಿಸಿದರು.

ಆಯಿಯನ್ನು ಯಾರೂ ಕರೆಯಲಿಲ್ಲ. ತಾನೇ ಕಟ್ಟೆಯಿಳಿದು ಬಂದಳು. ಹಗೇವಿನ ಕಲ್ಲನ್ನು ನೋಡಿದಳು. ಹೊಸ ಗುಂಡಿಯ ಅಂಚಿಗೆ ಬಂದು, ರಿಂಗಿನ ಮುಚ್ಚಳವನ್ನು ಕಾಲಿನಿಂದ ತಟ್ಟಿ ನೋಡಿದಳು. ಅಪ್ಪ ಅವಳ ಕಾಲಿಗೆ ಬಗ್ಗಿದ.

"ಮುಟ್ಟಬ್ಯಾಡ," ಅಂದಳು ಆಯಿ. "ಮೊದಲ ಕೈ ತೊಳಕೋ."

ಆಮೇಲೆ ತಂಬಿಗೆ ತುಂಬಿಸಿಕೊಂಡು ಸಂಡಾಸದೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಅಪ್ಪ, ಅವ್ವ, ಇಮಾಮಹುಸೇನ, ಗೋಡೆಯಾಚೆಯಿಂದ ಕತ್ತು ಚಾಚಿದ ಮದರಬಿ ಚಾಚಿ, ನಾನು, ಐದು ಜನ ಹಿತ್ತಲಿನಲ್ಲಿ ಹುಚ್ಚರ ಹಾಗೆ ಕಾದು ನಿಂತೆವು. ಒಳಗೆ ನೀರು ಸುರಿದ ಸದ್ದಾಯಿತು. ಅದು ಹಗೇವಿನ ಕಡೆ ಹೋಗಲಿಲ್ಲ. ಹೊಸ ಗುಂಡಿಯೊಳಗೆ ಬಿತ್ತು. ಅಪ್ಪ ಕೆಳಗೆ ಕೂತು ಕಿವಿಗೊಟ್ಟು ಕೇಳಿದ.

ಚಿಲಕ ತೆರೆಯಿತು. ಆಯಿ ಸೆರಗು ಸರಿ ಮಾಡಿಕೊಳ್ಳುತ್ತ ಹೊರಗೆ ಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, "ರಾಜ ಬಾವಿ ತೋಡಿದ ನೋಡು ಮೀನಾ," ಎಂದು ಅಡುಗೆಮನೆಯ ಬಾಗಿಲಿನ ಕಡೆ ನಡೆದಳು.

"ಅನ್ನಪೂರ್ಣಾ, ಚಾ ಇಡವಾ," ಅಂದಳು. "ಬಸ್ಯಾಗ ಬ್ಯಾಡ. ಕಪ್ಪು ತುಂಬಿ ಕೊಡು."